ಅಂಕಿತವಿಲ್ಲದ ಸರಕು

ಕನ್ನಡ ಕಲಿಸುವವನಿಗೆ ಸಂಬಳವಿಲ್ಲದ ಒಂದು ಉಪವೃತ್ತಿ ತಾನಾಗಿಯೇ ಅಂಟಿಕೊಳ್ಳುತ್ತದೆ. ಅದು ಹೆಸರಿಡುವ ವೃತ್ತಿ. ತೊಟ್ಟಿಲ ಶಾಸ್ತ್ರಕ್ಕೆ ಮುನ್ನ ನೆರೆಯವರು ಬಂದು ಕೂಸಿಗೊಂದು ಹೆಸರು ಕೇಳುತ್ತಾರೆ. ಹೊಸ ಮನೆ ಕಟ್ಟಿಸಿದವರು ಬಾಗಿಲ ಮೇಲೆ ಕೆತ್ತಿಸಲೊಂದು ಹೆಸರು ಕೇಳುತ್ತಾರೆ. ಸಹೋದ್ಯೋಗಿಯ ಭಾವಮೈದುನ ಕಿರಾಣಿ ಅಂಗಡಿ ತೆರೆದರೆ ಅದರ ಫಲಕಕ್ಕೂ ನಾನೇ ಬೇಕು. ವಿಜಯಪುರದ ಕಾಲೇಜಿಗೆ ಬಂದಂದಿನಿಂದ ಇಂಥ ಹೆಸರುಗಳನ್ನು ಧಾರಾಳವಾಗಿ ಹಂಚಿದ್ದೇನೆ. ನಾನಿಟ್ಟ ಹೆಸರಿನಿಂದ ಯಾರಿಗೂ ಕಾಸಿನ ನಷ್ಟವಾಗಿಲ್ಲವೆಂಬ ಅಭಿಮಾನವೂ ನನಗಿತ್ತು. ಆ ಅಭಿಮಾನ ಈ ಬೇಸಿಗೆಯಲ್ಲಿ ಇಳಿದುಹೋದ ಬಗೆಯನ್ನು ಈ ವಾರ ವಾಚಕರ ಮುಂದೆ ಒಪ್ಪಿಸುತ್ತಿದ್ದೇನೆ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ರವಿವಾರ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಮನೆಗೆ ಬಂದಳು. ಊರು ತಿಕೋಟಾ. ಆ ಭಾಗವೆಲ್ಲ ದ್ರಾಕ್ಷಿಯ ಸೀಮೆ. ನಾಲ್ಕೆಕರೆ ಹಂಬು, ಅದರ ಮಗ್ಗುಲಲ್ಲೇ ಹಣ್ಣು ಒಣಗಿಸುವ ಶೆಡ್ಡು, ಇಷ್ಟು ಅವರ ಬದುಕು. ತಾಯಿಯ ಕೈಚೀಲದಿಂದ ಹೊರಬಂದ ಮಣೂಕ ಎಳೆಯ ಹಸುರು ಬಣ್ಣದ್ದು. ಒಂದು ಕಾಳಿಗೂ ತೊಟ್ಟಿಲ್ಲ, ಒಂದು ಕಾಳೂ ಅಂಟಿಲ್ಲ. ನಾಲ್ಕು ಕಿಲೋ ಹಸಿ ಹಣ್ಣು ಸುಮಾರು ಒಂದು ಕಿಲೋ ಮಣೂಕವಾಗುತ್ತದೆ. ಹೀಗೆ ಒಣಗಿಸಿದ್ದನ್ನು ಡಬ್ಬಿ ತುಂಬಿ ತಾಸಗಾಂವ್, ಸಾಂಗ್ಲಿಯ ಪೇಟೆಗೆ ಕಳುಹಿಸುವುದು ಇಲ್ಲಿಯ ಹಳೆಯ ರೂಢಿ. ಅಲ್ಲಿ ಹರಾಜಿನ ಕಟ್ಟೆಯ ಮೇಲೆ ಸುರಿದ ಬಳಿಕ, ಅದು ಯಾವ ಊರಿನದು, ಯಾವ ಕೈ ಒಣಗಿಸಿದ್ದು ಎಂಬುದು ಯಾರಿಗೂ ಬೇಕಿಲ್ಲ.

“ಸರ, ಈ ವರ್ಷ ನಾವ ಪ್ಯಾಕೆಟ್ ಮಾಡಿ ಮಾರತೀವ್ರಿ. ಒಂದ ಚಲೋ ಹೆಸರು ಕೊಡ್ರಿ” ಎಂದಳು ಹುಡುಗಿ. ಮಹಿಳಾ ಸಂಘದಿಂದ ಸಾಲ ತೆಗೆದಿದ್ದರು; ತೂಕದ ಯಂತ್ರ, ಕವರು ಮುಚ್ಚುವ ಯಂತ್ರ ಬಂದಿದ್ದುವು. ಹೆಸರೊಂದೇ ಬಾಕಿ.

ನಾನು ಎರಡು ಕಾಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಪಂಡಿತನ ಗತ್ತಿನಲ್ಲಿ “ಸವಿದ್ರಾಕ್ಷಿ” ಎಂದೆ. ತಾಯಿ ಮಗಳು ಇಬ್ಬರೂ ಹಿಗ್ಗಿದರು. ಒಂದೇ ವಾರದಲ್ಲಿ ಮೂರು ಸಾವಿರ ಕವರುಗಳು ಅಚ್ಚಾಗಿ ಬಂದುವು. ಮುದ್ರಣದಂಗಡಿಯ ಹುಡುಗನೊಬ್ಬ ದ್ರಾಕ್ಷಿಯ ಗೊಂಚಲಿನ ಹಿಂದೆ ಗೋಳಗುಮ್ಮಟವನ್ನು ನಿಲ್ಲಿಸಿ ಅಂದವಾದ ಚಿತ್ರವನ್ನೂ ಬರೆದುಕೊಟ್ಟಿದ್ದ.

ಇದಾಗಿ ಇಪ್ಪತ್ತು ದಿನ ಕಳೆದಿರಬಹುದು. ಸಂಜೆ ಪೇಟೆಯಲ್ಲಿ ಒಂದಂಗಡಿಯ ಮುಂದೆ “ಸವಿದ್ರಾಕ್ಷಿ” ತೂಗುತ್ತಿರುವುದನ್ನು ಕಂಡು ಹೆಮ್ಮೆಯಿಂದ ಎರಡು ಪ್ಯಾಕೆಟ್ಟು ಕೊಂಡು ಮನೆಗೆ ತಂದೆ. ಮನೆಯಾಕೆ ಪಾಯಸಕ್ಕೆಂದು ತಟ್ಟೆಗೆ ಸುರಿದಳು. ಅರ್ಧ ತೊಟ್ಟು, ಕಾಲು ಭಾಗ ಕಪ್ಪು, ಉಳಿದುದು ಹಲ್ಲಿಗೆ ಮರಳು. “ಅಲ್ರಿ, ನಿಮ್ಮ ಹುಡುಗಿ ಇಷ್ಟ ಲಗೂ ಹಿಂಗ ಮಾಡಬಾರದಿತ್ತು” ಎಂದಳು. ನನಗೂ ಸಿಟ್ಟು ಬಂತು. ಒಡನೆಯೇ ತಿಕೋಟಾಕ್ಕೆ ಫೋನು ಮಾಡಿ ಎರಡು ಮಾತು ಅಂದೂಬಿಟ್ಟೆ. ಆ ಕಡೆ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, “ಸರ, ಆ ಅಂಗಡಿಗೆ ನಾವು ಮಾಲೇ ಕೊಟ್ಟಿಲ್ರಿ” ಎಂದಳು.

ಕವರನ್ನು ತಿರುಗಿಸಿ ನೋಡಿದೆ. ಹೆಸರು ಅದೇ, ಗೊಂಚಲೂ ಹೆಚ್ಚು ಕಡಿಮೆ ಅದೇ, ಆದರೆ ಮಾಲು ಬೇರೆಯವರದು. ನಾನೂ ನನ್ನ ಮನೆಯಾಕೆಯೂ ಆ ತಾಯಿ ಮಗಳನ್ನು ಚೆನ್ನಾಗಿ ಬಲ್ಲವರು. ನಾವೇ ಅವರನ್ನು ಸಂದೇಹಿಸಿದೆವೆಂದ ಮೇಲೆ, ಮುಖವನ್ನೇ ಕಾಣದ ಗಿರಾಕಿ ಏನು ಮಾಡಿಯಾನು? ಮತ್ತೊಮ್ಮೆ ಕೊಳ್ಳುವುದಿಲ್ಲ, ಅಷ್ಟೇ. ಅವನು ದೂರನ್ನೂ ಹೇಳುವುದಿಲ್ಲ.

ಮರುದಿನ ಬೆಳಗ್ಗೆ ಗೋಳಗುಮ್ಮಟದ ತೋಟದಲ್ಲಿ ತಿರುಗಾಡುವಾಗ ವಕೀಲ ಮಿತ್ರರೊಬ್ಬರ ಮುಂದೆ ಈ ವ್ಯಥೆಯನ್ನು ತೋಡಿಕೊಂಡೆ. ಅವರು ನಕ್ಕರು. “ಪಂಡಿತ್ರ, ತಪ್ಪು ಆ ಅಂಗಡಿಯವನದಷ್ಟ ಅಲ್ರಿ, ನಿಮ್ಮದೂ ಐತಿ. ಬೆಲ್ಲಕ್ಕ ‘ಸಿಹಿಬೆಲ್ಲ’ ಅಂತ ಹೆಸರಿಟ್ಟು, ‘ಈ ಮಾತು ನನ್ನದು, ಮತ್ಯಾರೂ ಅನಬ್ಯಾಡ್ರಿ’ ಅಂದ್ರ ನಡೀತದೇನ್ರಿ?”

ಅವರು ಮುಂದೆ ವಿವರಿಸಿದ ವಿಷಯ ನನಗೆ ಹೊಸತು. ನಮ್ಮ ದೇಶದಲ್ಲಿ ಸರಕಿನ ಹೆಸರನ್ನು ಕಾಯುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಅದು ಜಾರಿಗೆ ಬಂದುದು 2003ರಲ್ಲಿ. ಸರಕಿನ ಗುಣವನ್ನೋ ಜಾತಿಯನ್ನೋ ಊರನ್ನೋ ಸುಮ್ಮನೆ ಹೇಳುವ ಮಾತನ್ನು ಆ ಕಾಯ್ದೆ ಸಾಮಾನ್ಯವಾಗಿ ಒಬ್ಬನಿಗೇ ಬರೆದುಕೊಡುವುದಿಲ್ಲ. ಬಹುಕಾಲದ ಬಳಕೆಯಿಂದ ಆ ಮಾತು ಒಬ್ಬನ ಸರಕಿಗೇ ಹೊಂದಿಕೊಂಡಿದ್ದರೆ ಮಾತು ಬೇರೆ. ಸವಿಯಾದುದನ್ನು ಸವಿ ಎನ್ನುವ ಹಕ್ಕು ದ್ರಾಕ್ಷಿ ಬೆಳೆಯುವ ಪ್ರತಿಯೊಬ್ಬನಿಗೂ ಉಂಟಲ್ಲವೆ? ಭಾಷೆ ಎಲ್ಲರ ಬಾವಿ. ಅದಕ್ಕೆ ಒಬ್ಬನು ಮುಚ್ಚಳ ಹಾಕುವಂತಿಲ್ಲ. ಆದರೆ ಆ ಬಾವಿಯ ನೀರಿನಿಂದ ಒಬ್ಬನು ಹೊಸದಾಗಿ ಕಟ್ಟಿದ ಪದ, ಸರಕಿಗೆ ನೇರ ಸಂಬಂಧವಿಲ್ಲದ ಪದ, ಅವನದಾಗಬಲ್ಲುದು. ಅರ್ಥವತ್ತಾದ ಹೆಸರೇ ಒಳ್ಳೆಯ ಹೆಸರೆಂದು ಇಷ್ಟು ಕಾಲ ನಂಬಿದ್ದ ನನಗೆ, ವ್ಯಾಪಾರದಲ್ಲಿ ಅತಿಯಾದ ಅರ್ಥವೇ ದೋಷವೆಂದು ತಿಳಿದು ಸೋಜಿಗವಾಯಿತು.

ವಕೀಲರು ಇನ್ನೊಂದು ಮೊಕದ್ದಮೆಯ ಕಥೆಯನ್ನೂ ಹೇಳಿದರು. ಕರ್ನಾಟಕ ಹಾಲು ಮಹಾಮಂಡಳದ ‘ನಂದಿನಿ’ಯನ್ನು ಅರಿಯದ ಮನೆ ನಮ್ಮಲ್ಲಿಲ್ಲ, 1985ರಿಂದ ಆ ಹೆಸರು ಬಳಕೆಯಲ್ಲಿದೆ. 1989ರಿಂದ ಬೆಂಗಳೂರಿನಲ್ಲಿ ಅದೇ ಉಚ್ಚಾರದ ಹೆಸರಿನ ನಂದಿನಿ ಡೀಲಕ್ಸ್ ಹೋಟೆಲುಗಳೂ ನಡೆದುಬಂದುವು. ಹೋಟೆಲಿನವರು ತಮ್ಮ ಹೆಸರನ್ನು ನೋಂದಾಯಿಸಲು ಹೊರಟಾಗ ಮಂಡಳವು ಆಕ್ಷೇಪಿಸಿತು. ವ್ಯಾಜ್ಯ ಮೆಟ್ಟಿಲು ಮೆಟ್ಟಿಲಾಗಿ ಏರಿ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ನಂದಿನಿ ಎಂಬುದು ಪುರಾಣದ ಹೆಸರು, ಯಾರೂ ಹೊಸದಾಗಿ ಕಟ್ಟಿದ ಪದವಲ್ಲ; ಎರಡು ಲಾಂಛನಗಳ ರೂಪ ಬೇರೆ, ಸರಕೂ ಬೇರೆ; ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಹೋಟೆಲಿನವರು ಹೆಸರನ್ನು ಪಡೆಯಬಹುದು ಎಂದು ತೀರ್ಪಾಯಿತು. ಮನೆ ಮನೆಯ ಮಾತಾದ ದೊಡ್ಡ ಸಂಸ್ಥೆಗೇ ಹಳೆಯ ಪದವೊಂದರ ಮೇಲೆ ಪೂರ್ತಿ ಒಡೆತನ ದೊರೆಯಲಿಲ್ಲ. ತಿಕೋಟಾದ ತಾಯಿ ಮಗಳಿಗೆ ‘ಸವಿ’ಯ ಒಡೆತನ ದೊರೆಯುವುದೆಲ್ಲಿಂದ?

ಮನೆಗೆ ಮರಳುವಾಗ ನನ್ನ ತಲೆಯಲ್ಲಿ ತರಗತಿಯ ಪಾಠವೊಂದು ಸುಳಿಯಿತು. ಬಸವನ ಬಾಗೇವಾಡಿ ನಮ್ಮ ಜಿಲ್ಲೆಯದೇ. ಅಲ್ಲಿ ಹುಟ್ಟಿದ ಬಸವಣ್ಣನವರ ವಚನವನ್ನು ನಾವು ಗುರುತಿಸುವುದು ಕೂಡಲಸಂಗಮದೇವ ಎಂಬ ಅಂಕಿತದಿಂದ. ಗುಹೇಶ್ವರ ಎಂದಿದ್ದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕ. ಓಲೆಗರಿಗಳು ಚದುರಿ, ಪ್ರತಿಕಾರರ ಕೈಗಳು ಬದಲಾಗಿ, ಎಂಟು ಶತಮಾನ ಕಳೆದರೂ ಯಾವ ಮಾತು ಯಾರದೆಂದು ಹೇಳಲು ಇಂದಿಗೂ ಮುಖ್ಯ ಆಧಾರ ಆ ಅಂಕಿತ. ವಚನಕಾರರು ಅದನ್ನು ಒಡೆತನಕ್ಕಾಗಿ ಇಟ್ಟವರಲ್ಲ. ತಮ್ಮ ಹೆಸರನ್ನು ಬಿಟ್ಟು ಇಷ್ಟದೈವದ ಹೆಸರನ್ನು ಹೇಳಿದವರು. ವ್ಯಾಪಾರದ ಮುದ್ರೆಯನ್ನು ಅದರ ಸರಿಸಮಕ್ಕೆ ನಿಲ್ಲಿಸುವುದು ತರವಲ್ಲ. ಆದರೂ ಒಂದು ಮಾತು ಎರಡಕ್ಕೂ ಸಲ್ಲುತ್ತದೆ: ಅಂಕಿತವಿಲ್ಲದುದು ಯಾರ ಹೆಸರಿಗಾದರೂ ಹೋಗಿ ಸೇರುತ್ತದೆ. ನಾನು ಆ ಹುಡುಗಿಗೆ ಕೊಟ್ಟುದು ವಿಶೇಷಣವನ್ನು, ಅಂಕಿತವನ್ನಲ್ಲ.

ಮುಂದಿನ ರವಿವಾರ ವಕೀಲರನ್ನು ಕರೆದುಕೊಂಡು ತಿಕೋಟಾದ ಬಸ್ಸು ಹತ್ತಿದೆ. ಕವರಿನ ಖರ್ಚನ್ನು ನಾನೇ ಕೊಡುವೆನೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಆಡಲು ಹೋದರೆ ತಾಯಿ ತಡೆದರು: “ರೊಕ್ಕದ ಮಾತು ಬಿಡ್ರಿ ಸರ. ನಮ್ಮ ಮಾಲು ಅಂತ ನೀವು ಬೈದ್ರೆಲ್ಲ, ಅದ ಕೆಟ್ಟ ಅನಿಸ್ತು.” ನನಗೆ ತಲೆಯೆತ್ತಲಾಗಲಿಲ್ಲ.

ಶೆಡ್ಡಿನ ನೆರಳಿನಲ್ಲಿ ಕುಳಿತು ವಕೀಲರು ಒಂದೊಂದಾಗಿ ಪ್ರಶ್ನೆ ಕೇಳಿದರು. ಹುಡುಗಿ ಒಂದು ದಫ್ತರು ತಂದಿಟ್ಟಳು. ಆಹಾರ ಸುರಕ್ಷತೆಯ ನೋಂದಣಿ ಇತ್ತು. ಉದ್ಯಮದ ನೋಂದಣಿ ಇತ್ತು. ಬ್ಯಾಂಕಿನ ಖಾತೆಯೂ ಅದೇ ಹೆಸರಿನಲ್ಲಿತ್ತು. “ಇಷ್ಟೆಲ್ಲ ಐತಲ್ರಿ, ಹೆಸರು ನಮ್ದು ಆದಂಗಲ್ಲೇನ್ರಿ?” ಎಂದಳು. ಹೊಸದಾಗಿ ವ್ಯಾಪಾರಕ್ಕಿಳಿದ ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದರು ವಕೀಲರು. ಆ ಕಾಗದಗಳು ವ್ಯಾಪಾರ ನಡೆಸಲು ಬೇಕಾದವು. ತೆರಿಗೆಗೂ ಆರೋಗ್ಯಕ್ಕೂ ಸಂಬಂಧಪಟ್ಟವು. ಹೆಸರಿನ ಒಡೆತನವನ್ನು ಅವು ಕೊಡುವುದಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ನೋಂದಣಿಯ ಅರ್ಜಿಯೇ ಆಗಬೇಕು.

ಅರ್ಜಿ ಹಾಕುವ ಕ್ರಮವನ್ನು ವಾಚಕರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ. ಮೊದಲು ಅದೇ ಹೆಸರು, ಅಥವಾ ಕಿವಿಗೆ ಅದರಂತೆಯೇ ಕೇಳಿಸುವ ಹೆಸರು ಈಗಾಗಲೇ ಇದೆಯೋ ಎಂದು ನೋಂದಣಿ ಕಚೇರಿಯ ಜಾಲತಾಣದಲ್ಲಿ ಹುಡುಕಬೇಕು, ಅದಕ್ಕೆ ಹಣವಿಲ್ಲ. ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ಒಣಗಿಸಿದ ಹಣ್ಣು 29ನೆಯ ವರ್ಗ, ಹಸಿ ಹಣ್ಣು 31ನೆಯದು. ವ್ಯಕ್ತಿಯಾಗಲಿ ಸಣ್ಣ ಉದ್ಯಮವಾಗಲಿ ಅಂತರ್ಜಾಲದ ಮೂಲಕ ಅರ್ಜಿ ಹಾಕಿದರೆ ವರ್ಗವೊಂದಕ್ಕೆ ಶುಲ್ಕ 4,500 ರೂಪಾಯಿ. ದೊಡ್ಡ ಕಂಪನಿಗಳಿಗೆ ಅದರ ಎರಡರಷ್ಟು. ಕರ್ನಾಟಕದವರಿಗೆ ಸಂಬಂಧಪಟ್ಟ ಕಚೇರಿ ಚೆನ್ನೈನಲ್ಲಿದೆ. ಪರಿಶೀಲನೆಯಾಗಿ ಹೆಸರು ಅಧಿಕೃತ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಆಕ್ಷೇಪಿಸುವವರಿಗೆ ನಾಲ್ಕು ತಿಂಗಳ ಅವಕಾಶ. ಯಾರೂ ಅಡ್ಡ ಬರದಿದ್ದರೆ ನೋಂದಣಿ. ಅದರ ಆಯುಸ್ಸು ಹತ್ತು ವರ್ಷ. ಹತ್ತು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಮೊಮ್ಮಕ್ಕಳವರೆಗೂ ನಡೆದೀತು. ಹೆಸರಿನ ಪಕ್ಕದಲ್ಲಿ ‘ಟಿಎಂ’ ಎಂಬ ಅಕ್ಷರಗಳನ್ನು ಯಾರಾದರೂ ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ಅಕ್ಷರವನ್ನು ಮಾತ್ರ ನೋಂದಣಿಗೆ ಮೊದಲು ಹಾಕುವುದು ಕಾನೂನಿಗೆ ವಿರುದ್ಧ.

“ಇನ್ನೊಂದು ಮಾತು ನೆನಪಿಡವ್ವ,” ಎಂದರು ವಕೀಲರು. “ಮೊದಲನೇ ಬಿಲ್ಲು ಹರೀಬ್ಯಾಡ. ಮೊದಲ ಕವರು, ಮೊದಲ ಜಾಹಿರಾತು, ಎಲ್ಲಾ ತಾರೀಖಿನ ಸಮೇತ ಜ್ವಾಕಿ ಇಡು.” ಹೆಸರನ್ನು ಮೊದಲು ಬಳಕೆಗೆ ತಂದವರಿಗೆ ನಮ್ಮ ಕಾನೂನಿನಲ್ಲಿ ದೊಡ್ಡ ಬೆಲೆಯಿದೆ. ನಂತರ ಬಂದವನು ಮುಂಚಿತವಾಗಿ ನೋಂದಾಯಿಸಿಕೊಂಡರೂ, ಅವನಿಗಿಂತ ಮೊದಲಿನಿಂದ ಆ ಹೆಸರನ್ನು ನಿರಂತರವಾಗಿ ಬಳಸಿದವರನ್ನು ಅವನು ತಡೆಯಲಾರನು. ಆದರೆ ಬಳಸಿದೆವೆಂದು ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಹೇಳಬೇಕು.

ಕವರಿನ ಮೇಲಿದ್ದ ಗುಮ್ಮಟದ ಚಿತ್ರದ ಮೇಲೆ ವಕೀಲರು ಬೆರಳಿಟ್ಟರು. “ಈ ಚಿತ್ರ ಯಾರದು?” “ನಮ್ದು. ಎರಡು ಸಾವಿರ ಕೊಟ್ಟೇವ್ರಿ.” “ಬರದು ಕೊಟ್ಟಾನೇನು?” ಕೊಟ್ಟಿರಲಿಲ್ಲ. ಹೊರಗಿನ ಕಲಾವಿದನಿಂದ ಇಂಥ ಚಿತ್ರ ಬರೆಯಿಸಿದಾಗ, ಕೂಲಿ ಕೊಟ್ಟ ಮಾತ್ರಕ್ಕೆ ಕೃತಿಸ್ವಾಮ್ಯವೂ ಬಂತೆಂದು ತಿಳಿಯಬಾರದಂತೆ. 1957ರ ಕಾಯ್ದೆಯಂತೆ ಅದನ್ನು ವರ್ಗಾಯಿಸಲು ಸಹಿಯಿರುವ ಬರಹ ಬೇಕು; ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ ಕಾಯ್ದೆ ಅದನ್ನು ಐದೇ ವರ್ಷವೆಂದು ಎಣಿಸುತ್ತದೆ. ಗುಮ್ಮಟ ಎಲ್ಲರದು, ದ್ರಾಕ್ಷಿಯ ಗೊಂಚಲೂ ಎಲ್ಲರದು, ಅವೆರಡನ್ನೂ ಈ ರೀತಿ ಕೂಡಿಸಿದ ಗೆರೆ ಮಾತ್ರ ಬರೆದ ಕೈಯದು.

ನನಗೆ ಇಲ್ಲಿ ನಮ್ಮ ಊರಿನ ಫ. ಗು. ಹಳಕಟ್ಟಿಯವರ ನೆನಪಾಯಿತು. ವಕೀಲಿ ವೃತ್ತಿಯ ಆ ಮಹನೀಯರು ಹಳ್ಳಿ ಹಳ್ಳಿ ತಿರುಗಿ ತಾಡವೋಲೆಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುಂದೆ ಇದ್ದ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ವಚನಗಳು ಹನ್ನೆರಡನೆಯ ಶತಮಾನದವು; ಅವುಗಳ ಮೇಲೆ ಯಾರಿಗೂ ಹಕ್ಕಿಲ್ಲ. ಹಳಕಟ್ಟಿಯವರು ಸ್ವತಃ ಬರೆದ ಪ್ರಸ್ತಾವನೆ, ಟಿಪ್ಪಣಿಗಳ ಮೇಲೆ ಮಾತ್ರ ಕಾನೂನಿನ ರಕ್ಷೆಯಿತ್ತು. ಅವರು ತೀರಿಕೊಂಡುದು 1964ರಲ್ಲಿ. ಲೇಖಕನ ಮರಣಾನಂತರ ಅರುವತ್ತು ವರ್ಷವೆಂಬ ನಿಯಮದಂತೆ 2025ರ ಆರಂಭದಿಂದ ಆ ಬರಹಗಳೂ ನಾಡಿನ ಸೊತ್ತಾದುವು. ಕಾನೂನಿನ ನಡೆ ಇದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಎಲ್ಲರದನ್ನು ಅದು ಎಲ್ಲರಿಗೇ ಬಿಡುತ್ತದೆ. ಒಬ್ಬನ ದುಡಿಮೆ ಸೇರಿದ ಭಾಗಕ್ಕೆ ಒಂದು ಅವಧಿಯವರೆಗೆ ಕಾವಲು ನಿಲ್ಲುತ್ತದೆ. ಅನಂತರ ಅದನ್ನೂ ಎಲ್ಲರ ಮಡಿಲಿಗೆ ಹಾಕುತ್ತದೆ.

ಶೆಡ್ಡಿನ ಮೂಲೆಯಲ್ಲಿ ಹುಡುಗಿಯ ಸೋದರಮಾವನ ಮಗನೊಬ್ಬ ತೊಟ್ಟು ಬಿಡಿಸುವ ಯಂತ್ರವನ್ನು ದುರಸ್ತಿ ಮಾಡುತ್ತ ನಮ್ಮ ಮಾತು ಕೇಳುತ್ತಿದ್ದ. ಬಬಲೇಶ್ವರದಲ್ಲಿ ಅವನ ವೆಲ್ಡಿಂಗ್ ಅಂಗಡಿ. ಕೈ ಒರೆಸಿಕೊಂಡು ಬಂದು ತನ್ನ ಕಥೆಯನ್ನೂ ಹೇಳಿದ. ಇಂಥ ಯಂತ್ರಗಳು ಮೊದಲೇ ಇದ್ದವು. ಆದರೆ ಕಾಳು ಒಡೆಯದಂತೆ ತೊಟ್ಟು ಮಾತ್ರ ಉದುರುವ ಹಾಗೆ ಜಾಲರಿಯಲ್ಲಿ ಅವನು ತನ್ನದೇ ಒಂದು ಮಾರ್ಪಾಡು ಮಾಡಿದ್ದ. ಎರಡು ವರ್ಷದ ಹಿಂದೆ ಒಂದು ಮೇಳದಲ್ಲಿ ಅದನ್ನು ನಿಲ್ಲಿಸಿ, ಬಂದವರಿಗೆಲ್ಲ ಬಿಚ್ಚಿ ತೋರಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು ಬಂದ. ಮುಂದಿನ ಸುಗ್ಗಿಗೆ ಅದೇ ಜಾಲರಿ ಬೇರೊಂದು ಊರಿನ ಕಾರ್ಖಾನೆಯಿಂದ ಇವನಿಗಿಂತ ಅಗ್ಗವಾಗಿ ಬಂತು. “ಈಗರ ಪೇಟೆಂಟ್ ಮಾಡಸಬಹುದೇನ್ರಿ?” ಎಂದು ಕೇಳಿದ.

ವಕೀಲರು ತಲೆಯಲ್ಲಾಡಿಸಿದರು. ಪೇಟೆಂಟ್ ಸಿಕ್ಕಿದರೆ ಅರ್ಜಿಯ ದಿನದಿಂದ ಇಪ್ಪತ್ತು ವರ್ಷ ಮತ್ತೊಬ್ಬರು ಅದನ್ನು ಮಾಡದಂತೆ ತಡೆಯಬಹುದು. ಆದರೆ ಅದು ಹೊಸತಾಗಿರಬೇಕು. ಅರ್ಜಿಗೆ ಮುನ್ನ ಜಗತ್ತಿಗೆ ತೋರಿಸಿದುದು ಕಾನೂನಿನ ಕಣ್ಣಿಗೆ ಹೊಸತಲ್ಲ. ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಸಾರಿದ ಪ್ರದರ್ಶನಗಳಿಗೆ ಹನ್ನೆರಡು ತಿಂಗಳ ವಿನಾಯಿತಿಯುಂಟು. ಸಾಮಾನ್ಯ ಮೇಳಗಳಿಗೆ ಅದು ಅನ್ವಯಿಸದು. ಯಂತ್ರ ಪೂರ್ತಿ ಸಿದ್ಧವಾಗುವವರೆಗೆ ಕಾಯಬೇಕಾಗಿಯೂ ಇರಲಿಲ್ಲ. ಮೊದಲು ತಾತ್ಕಾಲಿಕ ವಿವರಣೆಯೊಂದನ್ನು ಸಲ್ಲಿಸಿ, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಡುವ ದಾರಿಯಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನು?

ಹುಡುಗಿಯ ಮುಖ ಇಳಿಯಿತು. ಅವಳೂ ಅಂಥದೇ ಕೆಲಸಕ್ಕೆ ಹೊರಟಿದ್ದಳು. ಅವರ ಮಣೂಕದ ಹಸುರು ಬಣ್ಣ ಆರು ತಿಂಗಳಾದರೂ ಮಾಸುವುದಿಲ್ಲ. ಅದಕ್ಕೆ ತಾಯಿಯ ಕೈಯಲ್ಲಿ ಒಂದು ಪಾಕವಿದೆ. ದೊಡ್ಡ ಪಟ್ಟಣದ ವ್ಯಾಪಾರಿಯೊಬ್ಬ ಫೋನಿನಲ್ಲಿ, “ಮಾಲು ನಾನೇ ಎತ್ತುವೆ, ಮೊದಲು ಒಣಗಿಸುವ ಕ್ರಮವನ್ನೆಲ್ಲ ವಿಡಿಯೊ ಮಾಡಿ ಕಳುಹಿಸಿರಿ” ಎಂದಿದ್ದನಂತೆ. ಅವಳು ಅರ್ಧ ವಿಡಿಯೊ ತೆಗೆದಿದ್ದಳು. ಅಷ್ಟರಲ್ಲಿ ತಾಯಿ ಮೊಬೈಲು ಕಸಿದುಕೊಂಡು ಗೂಡಿನಲ್ಲಿಟ್ಟರಂತೆ.

“ಅದೇನು ಪಾಕ, ತಾಯಿ?” ಎಂದು ನಾನು ಸಹಜವಾಗಿ ಕೇಳಿಬಿಟ್ಟೆ.

“ಸರ, ಅದೊಂದ ಕೇಳಬ್ಯಾಡ್ರಿ. ನಮ್ಮ ಮಾವ ನನಗ ಹೇಳಿಕೊಟ್ಟದ್ದು. ನಾ ಈಕಿಗಿ ಹೇಳತೀನಿ.” ಎಂದು ಆಕೆ ನಕ್ಕು ಚಹದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದರು.

ವಕೀಲರು ನನ್ನತ್ತ ಬಾಗಿ, “ಇವರಿಗೆ ನಾ ಹೇಳೂದು ಏನೂ ಇಲ್ರಿ” ಎಂದರು. ವ್ಯಾಪಾರದ ಗುಟ್ಟನ್ನು ಕಾಯಲು ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ; ಕಾನೂನು ಆಯೋಗ 2024ರಲ್ಲಿ ಅಂಥದೊಂದು ಬೇಕೆಂದು ಶಿಫಾರಸು ಮಾಡಿದೆ. ಸದ್ಯಕ್ಕೆ ಕಾವಲು ಎರಡೇ: ಬಾಯಿಯ ಬಿಗಿ, ಮತ್ತು ಹೇಳಲೇಬೇಕಾದವರಿಂದ ಬರೆಸಿಕೊಂಡ ಕರಾರು. ಗುಟ್ಟು ಗುಟ್ಟಾಗಿದ್ದಷ್ಟು ದಿನವೇ ನ್ಯಾಯಾಲಯವೂ ಅದರ ಬೆನ್ನಿಗೆ ನಿಲ್ಲುತ್ತದೆ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಎದುರು ಬದಿಯವನ ಕಿವಿಗೆ ಬೀಳುತ್ತದೆಂಬುದನ್ನು ನಮ್ಮೂರ ಕೂಸೂ ಬಲ್ಲುದು. ಇಂದಿನ ಮೊಬೈಲು ಅದಕ್ಕಿಂತ ದೊಡ್ಡ ಗುಮ್ಮಟ.

ಹಾಗೆಂದು ಮನೆಮನೆಯ ತಿಳಿವಳಿಕೆಯನ್ನೆಲ್ಲ ಗುಟ್ಟೆಂದು ಕಟ್ಟಿಡಬೇಕೆ? ಇಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಅಜ್ಜಿಯರಿಗೆಲ್ಲ ತಿಳಿದಿದ್ದ ಮದ್ದು. ಅದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆದಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳ ಆಧಾರ ಕೊಟ್ಟು ಅದನ್ನು ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅಲ್ಲಿ ನಮ್ಮನ್ನು ಕಾಯ್ದುದು ಬಚ್ಚಿಟ್ಟ ಗುಟ್ಟಲ್ಲ, ಬರೆದಿಟ್ಟ ಪುಸ್ತಕ. ಎಲ್ಲರದಾದ ತಿಳಿವಳಿಕೆಗೆ ಬರಹವೇ ಬೇಲಿ. ಒಬ್ಬರ ಕೈಗುಣಕ್ಕೆ ಮೌನವೇ ಬೇಲಿ. ಎರಡನ್ನೂ ಬೆರೆಸಬಾರದು.

ಇನ್ನು ಊರಿನ ಹೆಸರಿನ ಮಾತು. “ನಾವು ‘ತಿಕೋಟಾ ದ್ರಾಕ್ಷಿ’ ಅಂತನ ಇಟ್ಟರ?” ಎಂದಳು ಹುಡುಗಿ. ಊರಿನ ಹೆಸರು ಊರವರೆಲ್ಲರದು. ಒಬ್ಬರು ಅದನ್ನು ಕಟ್ಟಿಕೊಂಡು ಹೋಗುವುದು ನ್ಯಾಯವಲ್ಲ. ಆದರೆ ಊರವರೆಲ್ಲ ಕೂಡಿ ಸಂಘವಾಗಿ ಅದನ್ನು ಕಾಯಲು ಭೌಗೋಳಿಕ ಸೂಚಕಗಳ ಕಾಯ್ದೆಯಿದೆ. ಜನ ಇದನ್ನು ಜಿ. ಐ. ಟ್ಯಾಗ್ ಎನ್ನುತ್ತಾರೆ. ನೆರೆಯ ಇಳಕಲ್ಲಿನ ಸೀರೆಗೆ, ಧಾರವಾಡದ ಪೇಡೆಗೆ ಅದು ದೊರೆತು ಬಹಳ ಕಾಲವಾಯಿತು. ನಮ್ಮ ಜಿಲ್ಲೆಯ ಇಂಡಿಯ ಲಿಂಬೆಗೆ 2023ರಲ್ಲಿ ದೊರೆಯಿತು. 2025ರಲ್ಲಿ ಅದೇ ಹೆಸರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನಕ್ಕೆ ಹಡಗೋ ವಿಮಾನವೋ ಏರಿ ಹೋಯಿತು. ಸಾಂಗ್ಲಿಯ ಒಣದ್ರಾಕ್ಷಿಗೆ 2016ರಲ್ಲಿಯೇ ದೊರೆತಿದೆ. ಅವರು ಕೂಡಿದರು, ಬರೆದುಕೊಟ್ಟರು, ಪಡೆದರು. ಅದರಲ್ಲಿ ಅಸೂಯೆಪಡುವಂಥದೇನೂ ಇಲ್ಲ. ನಮ್ಮ ಹಣ್ಣು ಅವರ ಪೇಟೆಯ ದಾರಿಯಲ್ಲಿ ತನ್ನ ಊರನ್ನು ಕಳೆದುಕೊಳ್ಳುತ್ತಿದ್ದರೆ, ಅದನ್ನು ಉಳಿಸಿಕೊಳ್ಳುವ ಹೊಣೆ ತಿಕೋಟಾ ಬಬಲೇಶ್ವರಗಳ ಬೆಳೆಗಾರರದೇ.

ಹಂಬಿನ ಕಡೆ ತಿರುಗಿ ನೋಡಿದೆ. ಅವರ ತೋಟದಲ್ಲಿದ್ದ ತಳಿಗೆ ತಾಸ್-ಎ-ಗಣೇಶ ಎಂದು ಹೆಸರು. ತಾಸಗಾಂವ್ ಸೀಮೆಯ ಆರ್ವೆ ಎಂಬ ರೈತರು ಥಾಮ್ಸನ್ ಹಂಬಿನಲ್ಲಿ ಕಂಡ ಒಂದು 'ಭಿನ್ನ' ಕುಡಿಯನ್ನು ಆರಿಸಿ ಬೆಳೆಸಿದ ತಳಿಯದು. ಊರೂ ಮನೆತನವೂ ಹೆಸರಿನಲ್ಲೇ ಉಳಿದಿವೆ. ಆ ಕುಡಿ ಕೈಯಿಂದ ಕೈಗೆ ದಾಟಿ, ಗಡಿಯನ್ನೂ ದಾಟಿ, ನಮ್ಮ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಸಿದೆ. ಇಂದು ಅಂಥ ರೈತನು ತನ್ನ ತಳಿಯನ್ನು 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನೋಂದಾಯಿಸಬಹುದು. ಅಂದು ಆ ಕಾಯ್ದೆಯಿರಲಿಲ್ಲ. ಆದುದರಿಂದ ನಮ್ಮದನ್ನು ಕಾಯ್ದುಕೊಳ್ಳುವಾಗ, ನಾವು ಇತರರಿಂದ ಪಡೆದುದರ ಲೆಕ್ಕವೂ ಮನಸ್ಸಿನಲ್ಲಿರಲಿ.

ಮೂರು ಸಾವಿರ ಕವರುಗಳ ಗತಿ ಏನಾಯಿತೆಂದು ವಾಚಕರು ಕೇಳಬಹುದು. ಅವು ಹಾಳಾಗಲಿಲ್ಲ. ಸವಿದ್ರಾಕ್ಷಿ ಎಂಬ ಮಾತನ್ನು ಬಳಸಲು ಯಾರ ಅಡ್ಡಿಯೂ ಇಲ್ಲ. ಅದೊಂದನ್ನೇ ನಂಬಿ ಕೂಡಬಾರದು, ಅಷ್ಟೆ. ಚಿತ್ರ ಬರೆದ ಹುಡುಗ ಸಂತೋಷದಿಂದ ಸಹಿ ಮಾಡಿಕೊಟ್ಟ. ಅವನಿಗೆ ಇನ್ನೊಂದು ಸಾವಿರ ಸಂದಾಯವಾಯಿತು. ಹೊಸ ಹೆಸರಿನ ಚೀಟಿ ಹಳೆಯ ಕವರಿನ ನೆತ್ತಿಯ ಮೇಲೆ ಅಂಟಲಿದೆ. ಬಬಲೇಶ್ವರದ ತರುಣನ ಅಂಗಡಿಗೂ ಕಳೆದ ವಾರ ಹೋಗಿದ್ದೆ. ಮೂಲೆಯಲ್ಲಿ ಏನೋ ಒಂದು ಯಂತ್ರ ನಿಂತಿತ್ತು. ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದಿದ್ದ. “ಅದೇನಪ್ಪ?” ಎಂದರೆ, “ಅರ್ಜಿ ಹಾಕಿದ ಮ್ಯಾಲೆ ತೋರಸ್ತೀನ್ರಿ ಸರ” ಎಂದು ಚಹ ತರಿಸಿದ.

ಹೊಸ ಹೆಸರನ್ನು ಈ ಸಲವೂ ನಾನೇ ಕಟ್ಟಿದೆನೆಂದರೆ ಸುಳ್ಳಾದೀತು. ನಾನು ಕೊಟ್ಟ ಹದಿನೇಳು ಹೆಸರುಗಳಲ್ಲಿ ಹನ್ನೊಂದನ್ನು ವಕೀಲರು ವಿಶೇಷಣಗಳೆಂದು ಹೊಡೆದುಹಾಕಿದರು. ಆರು ಮೊದಲೇ ಯಾರ ಯಾರವೋ ಆಗಿದ್ದುವು. ಕೊನೆಗೆ ಆ ತಾಯಿ, ಮಗಳನ್ನು ಎಳವೆಯಲ್ಲಿ ಕರೆಯುತ್ತಿದ್ದ ಅರ್ಥವಿಲ್ಲದ ಮುದ್ದಿನ ಹೆಸರೊಂದನ್ನು ಹೇಳಿದರು. ನಿಘಂಟಿನಲ್ಲಿ ಅದಿಲ್ಲ, ನೋಂದಣಿಯ ಪಟ್ಟಿಯಲ್ಲಿಯೂ ಸಿಗಲಿಲ್ಲ. ಕನ್ನಡ ಎಂ. ಎ. ಸೋತಲ್ಲಿ ತೊಟ್ಟಿಲ ಮಾತು ಗೆದ್ದಿತು.

ಆ ಹೆಸರು ಯಾವುದೆಂದು ತಿಳಿಯುವ ಕುತೂಹಲ ವಾಚಕರಿಗೆ ಇದ್ದೀತು. ಕ್ಷಮಿಸಬೇಕು. ಅರ್ಜಿ ಬರುವ ಸೋಮವಾರ ಹೋಗಲಿದೆ; ಅದಕ್ಕೆ ಮುನ್ನ ಇಂಥ ಮಾತನ್ನು ಪತ್ರಿಕೆಯಲ್ಲಿ ಬರೆದರೆ ಆ ತಾಯಿ ನನ್ನ ಲೇಖನಿಯನ್ನೂ ಕಸಿದು ಗೂಡಿನಲ್ಲಿಟ್ಟಾರು.